ತೆಳ್ಳವಿನ ಕಾವಲಿಯಲ್ಲಿ ಕ್ರೇಪ್

ಟೋಕಿಯೋದಲ್ಲಿ ಮೂರು ವರ್ಷ ಕೆಲಸ ಮಾಡಿ ಬಂದ ತಂಗಿಯ ಮಗಳು ನನ್ನ ಅಪ್ಪನ ತಿಥಿಗೆಂದು ಆಟಿ ತಿಂಗಳಲ್ಲಿ ಪೆರ್ಲದ ನಮ್ಮ ಮನೆಗೆ ಬಂದಿದ್ದಳು. ಹೊರಗೆ ಧೋ ಎಂದು ಮಳೆ. "ಮಾವ, ಇಂದು ಕಾಪಿಗೆ ಆನು ಕ್ರೇಪ್ ಮಾಡ್ತೆ" ಎಂದು ಅಡಿಗೆಮನೆ ಹೊಕ್ಕಳು. ಮೈದಾ, ಹಾಲು, ಬೆಣ್ಣೆ ಕಲಸಿಕೊಂಡಳು. ಮೊಟ್ಟೆ ನಮ್ಮ ಅಡಿಗೆಮನೆಗೆ ಬರುವುದಿಲ್ಲವಾದ್ದರಿಂದ ಒಂದು ಕದಳಿ ಹಣ್ಣು ಕಿವುಚಿ ಹಾಕಿದಳು. ಅಮ್ಮ ತೆಳ್ಳವಿನ ಕಾವಲಿಯನ್ನೇ ಒಲೆಗಿಟ್ಟಳು.

ತೆಳ್ಳವು ಎಂದರೆ ಬೇರೆಯವರ ನೀರುದೋಸೆ, ಕೊಂಕಣಿಗರ ಪಾನ್‌ಪೊಳೊ. ಬೆಳ್ತಿಗೆ ಅಕ್ಕಿಯನ್ನು ನೆನೆಸಿ, ನುಣ್ಣಗೆ ಕಡೆದು, ಹಾಲಿನಷ್ಟು ತೆಳ್ಳಗೆ ಮಾಡಬೇಕು. ಸೌಟಿನಿಂದ ಹರಡುವ ಹಿಟ್ಟಲ್ಲ ಇದು. ಕಾದ ಕಾವಲಿಯ ಅಂಚಿನಿಂದ ಒಳಕ್ಕೆ ಹೊಯ್ದರೆ ತಾನೇ ಓಡಿ, ಕಣ್ಣುಕಣ್ಣಾಗಿ ನಿಲ್ಲುತ್ತದೆ. ಮುಚ್ಚಿಟ್ಟು ಒಂದೇ ಬದಿ ಬೇಯಿಸಿ ನಾಲ್ಕು ಮಡಿಕೆ ಮಾಡಿದರೆ ಆಯಿತು. ಕ್ರೇಪಿನ ಹಿಟ್ಟು ಹಾಗೆ ಓಡುವುದಿಲ್ಲ, ಅದನ್ನು ಓಡಿಸಬೇಕು. ಅದಕ್ಕೊಂದು ಮರದ ಅಡ್ಡಪಟ್ಟಿಯ ಕೋಲಿದೆ. ಜಪಾನಿನವರು ಅದನ್ನು 'ತೊಂಬೊ', ಅಂದರೆ ಏರೋಪ್ಲೇನ್ ಚಿಟ್ಟೆ, ಎಂದು ಕರೆಯುತ್ತಾರಂತೆ. ಕಾವಲಿಯ ಮೇಲೆ ಸುತ್ತು ಹಾಕುವ ಆ ಕೋಲಿಗೆ ಇದಕ್ಕಿಂತ ಚೆಂದದ ಹೆಸರು ಇರಲಾರದು. ನಮ್ಮಲ್ಲಿ ಆ ಕೋಲಿಲ್ಲ. ಹುಡುಗಿ ಕಾವಲಿಯನ್ನೇ ಎತ್ತಿ ತಿರುಗಿಸಿದಳು.

ಮೊದಲನೆಯದು ಎದ್ದು ಬಂದಾಗ ಅಮ್ಮ ಅಂಚು ಮುರಿದು ಬಾಯಿಗೆ ಹಾಕಿಕೊಂಡು, "ಇದು ನಮ್ಮ ತೆಳ್ಳವೇ ಅಲ್ಲದೋ ಮಗಳೇ?" ಎಂದಳು.

ಕ್ರೇಪ್ ಫ್ರಾನ್ಸಿನ ಬ್ರಿಟನಿ ಸೀಮೆಯದು. ಅಲ್ಲಿನ ಖಾರದ ತೆಳುದೋಸೆಗೆ ಬಳಸುವ ಹುರುಳಿಗೋಧಿಯಾದರೋ ಏಷ್ಯಾದಿಂದ ಹೋದ ಕಾಳು. 1977ರಲ್ಲಿ ಟೋಕಿಯೋದ ಹರಾಜುಕುವಿನ ತಕೆಶಿತಾ ಬೀದಿಯಲ್ಲಿ ಮರಿಯನ್ ಎಂಬ ಅಂಗಡಿ ತೆರೆದ ಮೇಲೆ ಕ್ರೇಪ್ ತಟ್ಟೆ ಬಿಟ್ಟು ಕೈಗೆ ಬಂತು. ಕಾಗದದಲ್ಲಿ ಕಡಲೆ ಕಟ್ಟುವ ಪೊಟ್ಟಣದಂತೆ ಸುತ್ತಿ, ಒಳಗೆ ಕೆನೆ, ಹಣ್ಣು ತುಂಬಿ, ನಡೆಯುತ್ತಲೇ ತಿನ್ನುವ ತಿಂಡಿಯಾಯಿತು. ನಮ್ಮಲ್ಲಿ ಕೆನೆ ಇರಲಿಲ್ಲ. ಅಮ್ಮ ಭರಣಿಯಿಂದ ಹಲಸಿನ ಹಣ್ಣಿನ ಬೆರಟಿ ತೆಗೆದುಕೊಟ್ಟಳು. ಕಾಗದದ ಬದಲು ಬಾಡಿಸಿದ ಬಾಳೆಲೆ. ತುಂಬ ರುಚಿಯಾಗಿತ್ತು, ನಾನು ನಾಲ್ಕು ತಿಂದೆ.

ಜಪಾನ್ ಎಂದರೆ ನನಗೆ ಮೊದಲು ನೆನಪಾಗುವುದು ಮಂಜೇಶ್ವರದ ಗೋವಿಂದ ಪೈಗಳು. ಅಲ್ಲಿನ ನೋ ನಾಟಕಗಳನ್ನು ಕನ್ನಡಕ್ಕೆ ತಂದವರು ಅವರು. ಬೇರೆಯವರದನ್ನು ತಂದು ತಮ್ಮದಾಗಿಸಿಕೊಳ್ಳುವ ಕಲೆಯಲ್ಲಿ ಜಪಾನಿನವರೂ ನಿಪುಣರು. 1543ರಲ್ಲಿ ಅಲ್ಲಿಗೆ ಬಂದಿಳಿದ ಪೋರ್ಚುಗೀಸರಿಂದ ಹಿಟ್ಟಿನಲ್ಲಿ ಅದ್ದಿ ಕರಿಯುವುದನ್ನು ಕಲಿತು ತೆಂಪುರ ಮಾಡಿದರು. ನನಗೆ ಅದಕ್ಕಿಂತಲೂ ಹಿಡಿಸಿದ್ದು ಅನ್‌ಪಾನ್ ಎಂಬ ಬನ್ನಿನ ಕಥೆ. 1874ರಲ್ಲಿ ಟೋಕಿಯೋದ ಕಿಮುರಾಯ ಬೇಕರಿಯವರು ಪಾಶ್ಚಾತ್ಯರ ಯೀಸ್ಟಿನ ಬದಲು, ಅಕ್ಕಿಯ ಮದ್ಯ ಹುಳಿ ಬರಿಸುವ ಹೆಪ್ಪನ್ನೇ ಹಿಟ್ಟಿಗೆ ಹಾಕಿ ಉಬ್ಬಿಸಿದರು. ಒಳಗೆ ಕೆಂಪು ಅವರೆಯಂಥ ಕಾಳಿನ ಸಿಹಿಹೂರಣ. ಮರುವರ್ಷ ಅದು ಚಕ್ರವರ್ತಿ ಮೇಜಿಯವರ ಮುಂದೆ ಹೋಯಿತು. ಅನ್ನ ಉಣ್ಣುವ ನಾಲಿಗೆಗೆ ಬ್ರೆಡ್ಡನ್ನು ಒಗ್ಗಿಸಿದ್ದು ಆ ಅಕ್ಕಿಯ ಹೆಪ್ಪು.

ಅದೇ ಪೋರ್ಚುಗೀಸರು ನಮ್ಮ ಕರಾವಳಿಗೆ ಅನಾನಸು ತಂದರು, ಗೇರು ತಂದರು, ಮೆಣಸು ತಂದರು. ಇಂದು ನಮ್ಮ ಕಡೆಯ ಮದುವೆಯೂಟದಲ್ಲಿ ಅನಾನಸಿನ ಮೆಣಸ್ಕಾಯಿ ಇಲ್ಲದಿದ್ದರೆ ಎಲೆ ಭಣಭಣ. ಹುರಿದ ಎಳ್ಳು, ತೆಂಗಿನಕಾಯಿ, ಕೆಂಪು ಮೆಣಸು ಕಡೆದ ಮಸಾಲೆಗೆ ಬೆಲ್ಲ ಬೀಳಬೇಕು. ಹುಳಿ, ಸಿಹಿ, ಖಾರ ಮೂರೂ ಒಟ್ಟಿಗೆ ನಾಲಿಗೆಗೆ ಬರಬೇಕು. ಅದರ ಹಣ್ಣೂ ಮೆಣಸೂ ಸಮುದ್ರದಾಚೆಯಿಂದ ಬಂದವು ಎಂದರೆ ಊರಿನ ಅಡಿಗೆಭಟ್ಟರು ನಂಬಲಿಕ್ಕಿಲ್ಲ.

ಮೆಣಸಂತೂ ಹೆಸರನ್ನೇ ಕಸಿದುಕೊಂಡಿತು. ಹಿಂದೆ ಮೆಣಸು ಎಂದರೆ ನಮ್ಮ ಬಳ್ಳಿಯ ಕಪ್ಪು ಕಾಳು. ಹೊಸಬ ಬಂದು ಆ ಹೆಸರು ತೆಗೆದುಕೊಂಡಾಗ ಹಳಬನಿಗೆ ಇನ್ನೊಂದು ಹೆಸರು ಬೇಕಾಯಿತು. ಆಗ ಕಾಸರಗೋಡಿನ ಜನ ಅದನ್ನು ಒಳ್ಳೆಮೆಣಸು ಎಂದರು. ತುಳುವಿನಲ್ಲಿ ಎಡ್ಡೆಮುಂಚಿ, ಮಲಯಾಳದಲ್ಲಿ ನಲ್ಲಮುಳಕು. ಮೂರು ಭಾಷೆಯವರೂ ಹಳೆಯದಕ್ಕೆ 'ಒಳ್ಳೆಯದು' ಎಂಬ ಒಂದೇ ಮಾತನ್ನು ಕೊಟ್ಟರು. ಬಂದದ್ದಕ್ಕೆ ಜಾಗ ಬಿಟ್ಟು, ಇದ್ದದ್ದರ ಮಾನವನ್ನೂ ಉಳಿಸಿದ ಈ ಮಾತನ್ನು ಕೇಳಿದಾಗಲೆಲ್ಲ ನನ್ನ ಜನರ ಮೇಲೆ ಪ್ರೀತಿ ಉಕ್ಕುತ್ತದೆ.

ತಿಥಿಯ ಅಡಿಗೆಗೆ ಮಾತ್ರ ನಮ್ಮ ಮನೆಯಲ್ಲಿ ಇಂದಿಗೂ ಒಳ್ಳೆಮೆಣಸೇ. ಬಟಾಟೆ, ಟೊಮೆಟೊ, ಕೆಂಪು ಮೆಣಸು, ಅನಾನಸು ಆ ದಿನ ಒಳಗೆ ಬರುವಂತಿಲ್ಲ. ಪೋರ್ಚುಗೀಸರ ಹಡಗು ಬರುವುದಕ್ಕೆ ಮುಂಚಿನ ಹಿರಿಯರೂ ಉಣ್ಣಲು ಬರುತ್ತಾರಲ್ಲ, ಅವರಿಗೆ ಗುರುತಿರುವ ರುಚಿಯನ್ನೇ ಬಡಿಸುತ್ತೇವೆ ಎಂದು ನಾನು ತಿಳಿದುಕೊಂಡಿದ್ದೇನೆ.

ಆದರೆ ಅಪ್ಪನಿಗೆ ಅನಾನಸಿನ ಮೆಣಸ್ಕಾಯಿ ಎಂದರೆ ಪ್ರಾಣ. ಅವರ ತಿಥಿಯ ದಿನವೇ ಅದು ಎಲೆಗೆ ಬೀಳುವುದಿಲ್ಲ. ಅಮ್ಮ ಅದನ್ನು ಮರುದಿನ ಮಾಡುತ್ತಾಳೆ, ಪ್ರತಿವರ್ಷ, ಯಾರೂ ಹೇಳದೆ. ಈ ಸಲವೂ ಬೆಳಗ್ಗೆಯೇ ಮನೆತುಂಬ ಎಳ್ಳು ಹುರಿದ ಪರಿಮಳ. ಮೊಮ್ಮಗಳು ಬಿಸಿ ತೆಳ್ಳವೊಂದನ್ನು ಪೊಟ್ಟಣದಂತೆ ಸುತ್ತಿ, ಒಳಗೆ ಮೆಣಸ್ಕಾಯಿಯ ಹೋಳುಗಳನ್ನು ತುಂಬಿ, ಬಾಳೆಲೆಯಲ್ಲಿ ಹಿಡಿದು ಜಗಲಿಗೆ ಬಂದಳು. ಅಜ್ಜ ಕೂರುತ್ತಿದ್ದ ಜಾಗದಲ್ಲಿ ಕುಳಿತು, ಮಳೆ ನೋಡುತ್ತ ತಿಂದಳು.