ಅರಿವು ಎಲ್ಲರದು, ಗುಟ್ಟು ಅಮಾನತ್ತು

ಒಂದು ಮೊಹಲ್ಲಾದಲ್ಲಿ ಸಂಸಾರ ನಡೆಸುವವರಿಗೆ ಬೇಕಾಗುವ ತಿಳಿವಳಿಕೆಯ ಬಹುಪಾಲು ಯಾವ ಗ್ರಂಥದಲ್ಲೂ ದೊರೆಯುವುದಿಲ್ಲ. ಮಗುವಿನ ಜನನವನ್ನು 21 ದಿನಗಳೊಳಗೆ ತಿಳಿಸಬೇಕೆಂದು ಕಾನೂನು ಹೇಳುತ್ತದೆ. ಆದರೆ ಬಾಡಿಗೆ ಮನೆ ಬದಲಿಸಿದವರು ಯಾವ ಕಾಗದವನ್ನು ಮೊದಲು ಸರಿಪಡಿಸಿಕೊಳ್ಳಬೇಕೆಂದು ಹೇಳಬಲ್ಲವರು ಆ ದಾರಿಯಲ್ಲಿ ಒಮ್ಮೆ ನಡೆದವರು ಮಾತ್ರ. ಶಿವಾಜಿನಗರದ ಬೌರಿಂಗ್ ಆಸ್ಪತ್ರೆಗೆ ಹೋಗುವಾಗ ಏನೇನು ಕೈಯಲ್ಲಿರಬೇಕು, ವಿದ್ಯಾರ್ಥಿವೇತನದ ಅರ್ಜಿ ಯಾವ ಹಂತದಲ್ಲಿ ಸಿಕ್ಕಿಬೀಳುತ್ತದೆ, ಮಯ್ಯಿತ್‌ಗೆ ಗುಸುಲ್ ಮಾಡಿಸಬಲ್ಲ ಹೆಂಗಸರು ಹತ್ತಿರದಲ್ಲಿ ಯಾರಿದ್ದಾರೆ, ನೀರಿನ ಮೋಟಾರು ಸುಟ್ಟರೆ ನ್ಯಾಯವಾದ ಕೂಲಿ ಎಷ್ಟು ಎಂಬಿವೆಲ್ಲ ಬಾಯಿಂದ ಬಾಯಿಗೆ ಹರಿಯುವ ವಿದ್ಯೆಗಳು.

ಹಳ್ಳಿಯಲ್ಲಿ ಈ ವಿದ್ಯೆ ಜಗಲಿಯ ಮೇಲೆಯೇ ಸಿಗುತ್ತಿತ್ತು. ನಾನು ವಾಸಿಸುವ ಕಗ್ಗದಾಸಪುರವೂ ಒಂದು ಕಾಲಕ್ಕೆ ಕೆರೆಯ ಪಕ್ಕದ ಹಳ್ಳಿಯೇ. ಇಂದು ಸಿ.ವಿ. ರಾಮನ್ ನಗರದ ರಕ್ಷಣಾ ಪ್ರಯೋಗಾಲಯಗಳಿಗೂ ಬಾಗ್ಮನೆ ಟೆಕ್ ಪಾರ್ಕಿನ ಕಚೇರಿಗಳಿಗೂ ಮಗ್ಗುಲಲ್ಲಿ ಬೆಳೆದ ಬಡಾವಣೆ ಅದು. ಒಂದೇ ಕಟ್ಟಡದಲ್ಲಿ ಕಂಪ್ಯೂಟರ್ ಎಂಜಿನಿಯರ್, ಅದೇ ಕಟ್ಟಡಕ್ಕೆ ಗಾರೆ ಕಲಸಿದ ಕೂಲಿ, ಕೇರಳದ ಬೇಕರಿಯವರು, ಬಂಗಾಳದಿಂದ ಬಂದ ಮನೆಗೆಲಸದ ಹೆಣ್ಣುಮಗಳು ವಾಸವಾಗಿದ್ದಾರೆ. ಜುಮಾ ನಮಾಜಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲುವ ನಾವು ಸಲಾಮ್ ಹೇಳಿ ಚಪ್ಪಲಿ ಮೆಟ್ಟಿದ ಮೇಲೆ ಒಬ್ಬರ ಹೆಸರನ್ನು ಇನ್ನೊಬ್ಬರು ಅರಿಯೆವು. ಬಲ್ಲವರು ಇದ್ದಾರೆ, ಬೇಕಾದವರೂ ಇದ್ದಾರೆ. ನಡುವೆ ಜಗಲಿಯಿಲ್ಲ.

ಆದ್ದರಿಂದ ಕೆಲವು ಹಿರಿಯರು ಇಷಾ ನಮಾಜಿನ ನಂತರ ಕುಳಿತು, ಫೋನಿನಲ್ಲಿ ಒಂದು ಬಳಗ ಕಟ್ಟೋಣವೆಂದು ತೀರ್ಮಾನಿಸಿದರು. ಆಹ್ವಾನವಿದ್ದವರಿಗೆ ಮಾತ್ರ ಪ್ರವೇಶ. ಬಲ್ಲದ್ದನ್ನು ಹಂಚುವುದಷ್ಟೇ ಕೆಲಸ. “ಹಜ್ರತ್, ನಿಮಗೆ ಕನ್ನಡ ಚೆನ್ನಾಗಿ ಬರುತ್ತದೆ. ನಿಯಮಗಳನ್ನು ನೀವೇ ಬರೆದುಕೊಡಿ” ಎಂದರು. ನಿಯಮ ಬರೆಯುವುದು ಭಾಷೆಯ ಕೆಲಸವೆಂದು ಅವರು ಭಾವಿಸಿದ್ದರು. ಆದರೆ ಪ್ರತಿಯೊಂದು ವಾಕ್ಯವೂ ಯಾರನ್ನೋ ಒಳಗೆ ಬಿಡುತ್ತದೆ, ಯಾರನ್ನೋ ಹೊರಗೆ ನಿಲ್ಲಿಸುತ್ತದೆ.

ಬಾಗಿಲೇ ಇಲ್ಲದ ಬಳಗ ಸಾಲದೇ ಎಂದು ಓದುಗರು ಕೇಳಬಹುದು. ನಾನು ಬಲ್ಲ ಒಬ್ಬ ತಾಯಿ, ಸಾವಿರಾರು ಜನರಿದ್ದ ಒಂದು ಗುಂಪಿನಲ್ಲಿ ತಮ್ಮ ಮಗಳ ಮೂರ್ಛೆರೋಗಕ್ಕೆ ಯಾವ ಆಸ್ಪತ್ರೆ ಒಳ್ಳೆಯದೆಂದು ಕೇಳಿದ್ದರು. ಉತ್ತರಗಳು ಬಂದವು, ಕೆಲವು ಉಪಯುಕ್ತವೂ ಆಗಿದ್ದವು. ಆದರೆ ಯಾರೋ ಆ ಪ್ರಶ್ನೆಯ ಚಿತ್ರ ತೆಗೆದು ಕಳುಹಿಸಿದರು. ಅದು ಕೈಯಿಂದ ಕೈಗೆ ದಾಟಿ, ಹುಡುಗಿಯನ್ನು ನೋಡಲು ಬರಲಿದ್ದವರ ಮನೆಗೆ ತಲುಪಿತು. ಅವರು ಬರಲಿಲ್ಲ. ಆ ತಾಯಿ ಅಂದಿನಿಂದ ಯಾರನ್ನೂ ಏನನ್ನೂ ಕೇಳುವುದಿಲ್ಲ. ಔಷಧಿಯ ಚೀಟಿ ಅರ್ಥವಾಗದಿದ್ದರೂ ಕೇಳುವುದಿಲ್ಲ. ಒಂದು ಸಂಬಂಧ ತಪ್ಪಿದ್ದಕ್ಕಿಂತಲೂ ಈ ಮೌನವೇ ದೊಡ್ಡ ನಷ್ಟವೆಂದು ನನಗೆ ತೋರುತ್ತದೆ. ಏಕೆಂದರೆ ಅರಿವು ಹರಿಯಲು ಹೇಳುವವರಿಗಿಂತ ಮೊದಲು ಕೇಳುವವರು ಬೇಕು.

ಇದಕ್ಕಿಂತ ಭಯಂಕರವಾದುದನ್ನು ನಮ್ಮ ರಾಜ್ಯ ಕಂಡಿದೆ. 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನ ಮುರ್ಕಿ ಗ್ರಾಮದಲ್ಲಿ ಹೈದರಾಬಾದಿನ ಒಬ್ಬ ತರುಣ ಎಂಜಿನಿಯರನನ್ನು ಜನರು ಹೊಡೆದು ಕೊಂದರು. ಅವನ ಜೊತೆಗಾರರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟು ಕೊಟ್ಟಿದ್ದರು. ಮಕ್ಕಳ ಕಳ್ಳರು ಬರುತ್ತಿದ್ದಾರೆಂಬ ಸಂದೇಶ ವಾಟ್ಸ್‌ಆ್ಯಪ್ ಮೂಲಕ ಅವರ ಕಾರಿಗಿಂತ ಮುಂದೆ ಓಡಿತು. ಅದೇ ತಿಂಗಳು ಆ ಕಂಪನಿಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ದಾಟಿಸದಂತೆ ಮಿತಿ ಹಾಕುವುದಾಗಿ ಪ್ರಕಟಿಸಿತು. 2019ರ ಏಪ್ರಿಲ್‌ನಲ್ಲಿ, ಯಾರು ತಮ್ಮನ್ನು ಗುಂಪಿಗೆ ಸೇರಿಸಬಹುದೆಂದು ನಿರ್ಧರಿಸುವ ಅವಕಾಶವನ್ನೂ ಬಳಕೆದಾರರಿಗೆ ನೀಡಿತು. ಯಂತ್ರಕ್ಕೆ ಹಾಕಬಹುದಾದ ಕಡಿವಾಣ ಅಷ್ಟೇ. ಮಿಕ್ಕದ್ದು ಮನುಷ್ಯರ ನಡತೆಗೆ ಬಿಟ್ಟದ್ದು. ಸುದ್ದಿ ಬಂದಾಗ ವಿಚಾರಿಸಿ ನೋಡಬೇಕೆಂದೂ, ತಿಳಿಯದೆ ಒಂದು ಜನಸಮೂಹಕ್ಕೆ ಹಾನಿಮಾಡಿ ಅನಂತರ ಪಶ್ಚಾತ್ತಾಪ ಪಡುವಂತಾಗಬಾರದೆಂದೂ ಸೂರಃ ಅಲ್ ಹುಜುರಾತ್ ಎಚ್ಚರಿಸಿರುವುದನ್ನು ನಾವು ಬಲ್ಲೆವು. ಮುರ್ಕಿಯ ರಸ್ತೆಯಲ್ಲಿ ಬಿದ್ದ ನೆತ್ತರು ಆ ಎಚ್ಚರಿಕೆಗೆ ಕಿವಿಗೊಡದಿದ್ದರ ಬೆಲೆ.

ಬಾಗಿಲು ಬೇಕು ಎಂಬುದು ಹೀಗೆ ನಿಶ್ಚಯವಾಯಿತು. ಬಾಗಿಲಿನ ಶಿಷ್ಟಾಚಾರ ನಮಗೆ ಹೊಸದಲ್ಲ. ಅನ್ಯರ ಮನೆಯನ್ನು ಅನುಮತಿಯಿಲ್ಲದೆ ಪ್ರವೇಶಿಸಬಾರದು, ಮರಳಿರೆಂದರೆ ಬೇಸರಿಸದೆ ಮರಳಬೇಕು ಎಂದು ಸೂರಃ ಅನ್ನೂರ್ ಕಲಿಸುತ್ತದೆ. ಹಝ್ರತ್ ಅಬೂಮೂಸಾ ಅಲ್ ಅಶ್‌ಅರೀ(ರ) ಅವರು ಖಲೀಫ ಉಮರ್(ರ) ಅವರ ಬಾಗಿಲಲ್ಲಿ ಮೂರು ಬಾರಿ ಅನುಮತಿ ಕೇಳಿ, ಉತ್ತರ ಬಾರದಿದ್ದಾಗ ಹಿಂದಿರುಗಿದ ಪ್ರಸಂಗ ಬುಖಾರಿ ಮತ್ತು ಮುಸ್ಲಿಮ್‌ನಲ್ಲಿದೆ. ಏಕೆ ಹಿಂದಿರುಗಿದಿರೆಂದು ಕೇಳಿದಾಗ ಅವರು ಪ್ರವಾದಿವರ್ಯರ(ಸ) ಆದೇಶವನ್ನು ಉಲ್ಲೇಖಿಸಿದರು. ಇದಕ್ಕೆ ಸಾಕ್ಷಿ ತನ್ನಿ ಎಂದರು ಉಮರ್(ರ). ಅನ್ಸಾರರ ಸಭೆಯಲ್ಲಿದ್ದ ಎಲ್ಲರಿಗಿಂತ ಕಿರಿಯರಾದ ಅಬೂ ಸಈದ್ ಅಲ್ ಖುದ್ರೀ(ರ) ಎದ್ದು ಹೋಗಿ ಸಾಕ್ಷಿ ನುಡಿದರು. ಬಳಗ ಕಟ್ಟುವವರಿಗೆ ಬೇಕಾದ ಮೂರು ಪಾಠಗಳು ಈ ಒಂದೇ ಪ್ರಸಂಗದಲ್ಲಿವೆ: ಕೇಳಿ ಪ್ರವೇಶಿಸುವುದು, ಗೌರವಾನ್ವಿತರ ಮಾತಿಗೂ ಸಾಕ್ಷಿ ಕೇಳುವುದು, ಬಲ್ಲವನು ಕಿರಿಯನಾದರೂ ಅವನ ಮಾತನ್ನು ಒಪ್ಪುವುದು.

ಇವುಗಳ ಆಧಾರದಲ್ಲಿ ಕರಡು ಸಿದ್ಧವಾಯಿತು. ಯಾರ ನಂಬರನ್ನೂ ಅವರನ್ನು ಕೇಳದೆ ಸೇರಿಸಕೂಡದು. ಹೊಸಬರನ್ನು ಒಳಗಿರುವ ಇಬ್ಬರು ಪರಿಚಯಿಸಬೇಕು. ಒಳಗಿನ ಪ್ರಶ್ನೆಯನ್ನಾಗಲಿ ಅದರ ಚಿತ್ರವನ್ನಾಗಲಿ ಹೊರಗೆ ಒಯ್ಯಕೂಡದು. ಸಭೆಯ ಮಾತು ಅಮಾನತ್ತು. ಆಧಾರ್ ಕಾರ್ಡು, ಆಸ್ಪತ್ರೆಯ ವರದಿ, ಬ್ಯಾಂಕಿನ ಪಾಸ್‌ಬುಕ್ಕುಗಳ ಚಿತ್ರ ಹಾಕಕೂಡದು. ತಾನು ನೀಡುವ ಸಲಹೆಯಿಂದ ತನಗೆ ಕಮಿಷನ್ ಬರುವುದಿದ್ದರೆ ಅದನ್ನು ಮೊದಲ ಸಾಲಿನಲ್ಲೇ ಹೇಳಬೇಕು. ಸಲಹೆ ಕೇಳಲ್ಪಟ್ಟವನು ನಂಬಿಕೆಗೆ ಹೊಣೆಗಾರನೆಂಬ ಹದೀಸನ್ನು ಓದಿದವರಿಗೆ ಈ ನಿಯಮ ವಿವರಿಸಬೇಕಾಗಿಲ್ಲ.

ಉತ್ತರ ಹೇಳುವ ಬಗೆಗೂ ಒಂದು ನಿಯಮ ಸೇರಿತು. ಮದ್ರಸಾದಲ್ಲಿ ನಾವು ಹದೀಸ್ ಕಲಿಯುವಾಗ ಮಾತಿನ ಜೊತೆಗೆ ಅದರ ಸನದನ್ನೂ ಕಲಿಯುತ್ತೇವೆ. ಯಾರು ಯಾರಿಂದ ಕೇಳಿದರೆಂಬ ಸರಪಳಿ ತುಂಡಾಗಿದ್ದರೆ ಮಾತಿನ ತೂಕವೂ ಇಳಿಯುತ್ತದೆ. ಮೋಟಾರು ದುರಸ್ತಿಯ ಮಾತಿಗೆ ಅಷ್ಟು ಕಠಿಣ ಪರೀಕ್ಷೆ ಬೇಕಿಲ್ಲ. ಆದರೂ ಪ್ರತಿಯೊಂದು ಉತ್ತರದ ಆರಂಭದಲ್ಲಿ ಮೂರರಲ್ಲಿ ಒಂದು ಪದವಿರಬೇಕೆಂದು ಗೊತ್ತುಮಾಡಿದೆವು: ‘ಮಾಡಿದ್ದೇನೆ’, ‘ಕಂಡಿದ್ದೇನೆ’, ‘ಕೇಳಿದ್ದೇನೆ’. ಈ ಪುಟ್ಟ ಪದಗಳು ಬಹಳ ಕೆಲಸ ಮಾಡುತ್ತವೆ. ‘ಕೇಳಿದ್ದೇನೆ’ ಎಂದು ಬರೆಯಬೇಕಾಗಿ ಬಂದಾಗ ಅರ್ಧಕ್ಕರ್ಧ ಜನ ಬರೆಯುವುದನ್ನೇ ಬಿಟ್ಟರು. ಬಳಗಕ್ಕೆ ಅದರಿಂದ ಲಾಭವೇ ಆಯಿತು.

ರೋಗದ ವಿಷಯದಲ್ಲಿ ಮಾತ್ರ ಬೇಲಿ ಎತ್ತರವಾಗಿರಬೇಕೆಂದು ನಾನು ಹಟ ಹಿಡಿದೆ. ವೈದ್ಯವನ್ನು ಅರಿಯದೆ ಚಿಕಿತ್ಸೆಗೆ ಕೈಹಾಕಿದವನೇ ಅದರ ಹಾನಿಗೆ ಹೊಣೆಗಾರನೆಂದು ಅಬೂದಾವೂದ್ ಮತ್ತು ನಸಾಈಯಲ್ಲಿ ಬಂದಿದೆ. ಆದ್ದರಿಂದ ಆಸ್ಪತ್ರೆಯ ದಾರಿ, ಬೇಕಾದ ಕಾಗದ, ಹೊರರೋಗಿ ವಿಭಾಗದ ಸಮಯ, 108ರ ಆಂಬುಲೆನ್ಸ್ ಇವುಗಳನ್ನು ಹೇಳಬಹುದು; ಔಷಧಿಯ ಹೆಸರನ್ನೂ ಪ್ರಮಾಣವನ್ನೂ ಹೇಳಕೂಡದು. ಒಬ್ಬ ಹಿರಿಯರು, “ಮದೀನಾದ ಖರ್ಜೂರದ ಪ್ರಸಂಗ ನೆನಪಿಲ್ಲವೇ? ಅನುಭವಸ್ಥರ ಮಾತಿಗೆ ಬೆಲೆಯಿಲ್ಲವೇ?” ಎಂದು ಕೇಳಿದರು. ಪರಾಗಸ್ಪರ್ಶ ಮಾಡದೆ ಬಿಟ್ಟ ವರ್ಷ ಫಸಲು ಕುಂದಿದಾಗ, ಲೌಕಿಕ ಕಸುಬಿನ ವಿಷಯವನ್ನು ನೀವೇ ಚೆನ್ನಾಗಿ ಬಲ್ಲಿರೆಂದು ಪ್ರವಾದಿವರ್ಯರು(ಸ) ರೈತರಿಗೆ ಹೇಳಿದ ಪ್ರಸಂಗ ಅದು. ನಾನೆಂದೆ: “ಬೆಲೆಯಿದೆ ಚಾಚಾ. ಅಲ್ಲಿ ಖರ್ಜೂರ ಬೆಳೆದವರೇ ಖರ್ಜೂರದ ವಿಷಯದಲ್ಲಿ ಬಲ್ಲವರಾದರು. ನಮ್ಮಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರೆಲ್ಲ ವೈದ್ಯರಾಗಿಬಿಟ್ಟಿದ್ದಾರೆ.” ಅವರು ನಕ್ಕು ಒಪ್ಪಿದರು.

ಕರಡನ್ನು ಮಸೀದಿಯಲ್ಲಿ ಓದಿದ ದಿನ, ಹಿಂದಿನ ಸಾಲಿನಲ್ಲಿ ಕುಳಿತಿದ್ದ ಕಲಬುರಗಿ ಕಡೆಯ ಗಾರೆ ಕೆಲಸದ ತರುಣನೊಬ್ಬ ಎದ್ದು ನಿಂತ. “ಹಜ್ರತ್, ನಮಗ ಇಲ್ಲಿ ಯಾರು ಪರಿಚಯ ಅದಾರ್ರೀ? ಆರು ತಿಂಗಳಿಗೊಮ್ಮೆ ಕೆಲಸದ ಜಾಗಾನೇ ಬದಲಾಗ್ತದ. ನಮ್ಮ ಪರವಾಗಿ ಮಾತಾಡೋ ಇಬ್ಬರನ್ನ ಎಲ್ಲಿಂದ ತರಬೇಕ್ರೀ?” ಎಂದು ಕೇಳಿದ. ಸಭೆ ಸುಮ್ಮನಾಯಿತು. ಆಸ್ಪತ್ರೆಯಲ್ಲಿ ಯಾವ ಕಿಟಕಿಗೆ ಹೋಗಬೇಕೆಂದು ತಿಳಿಯದವನು ಎಂಜಿನಿಯರನಲ್ಲ, ಈ ತರುಣ. ಬಾಗಿಲು ಯಾರನ್ನು ಕಾಯಬೇಕಿತ್ತೋ ಅವರನ್ನೇ ಹೊರಗೆ ನಿಲ್ಲಿಸುವುದಾದರೆ, ಅರಿವನ್ನು ಕೇಳಿದಾಗ ಬಚ್ಚಿಡುವವನ ಬಗ್ಗೆ ಬಂದಿರುವ ಕಠೋರ ಎಚ್ಚರಿಕೆ ನಮ್ಮ ಇಡೀ ಬಳಗಕ್ಕೆ ಅನ್ವಯಿಸದೇ?

ಇದಕ್ಕೆ ಉತ್ತರ ಹುಡುಕುವಾಗ ನನಗೆ ಇಬ್ನು ಬತೂತರ ಪ್ರವಾಸ ಕಥನದ ನೆನಪಾಯಿತು. ಹದಿನಾಲ್ಕನೆಯ ಶತಮಾನದಲ್ಲಿ ಅವರು ಅನಾಟೋಲಿಯಾದಲ್ಲಿ ಅಖಿಗಳೆಂಬ ಕುಶಲಕರ್ಮಿಗಳ ಸಹೋದರ ಕೂಟಗಳನ್ನು ಕಂಡರು. ಆ ಕೂಟಗಳಿಗೆ ತಮ್ಮದೇ ನಾಯಕರಿದ್ದರು, ಶಿಸ್ತಿತ್ತು, ಕಂಡಕಂಡವರು ಸದಸ್ಯರಾಗುವಂತಿರಲಿಲ್ಲ. ಆದರೆ ದಾರಿಹೋಕನಿಗೆ ಊಟವೂ ಹಾಸಿಗೆಯೂ ಅಲ್ಲಿ ಕಾದಿರುತ್ತಿದ್ದವು. ಒಂದು ಊರಿನಲ್ಲಂತೂ ಎರಡು ಕೂಟಗಳವರು ಇವರನ್ನು ಅತಿಥಿಯಾಗಿ ಕರೆದೊಯ್ಯಲು ಜಗಳಕ್ಕೇ ಇಳಿದು, ಕೊನೆಗೆ ಚೀಟಿ ಎತ್ತಿ ಇತ್ಯರ್ಥ ಮಾಡಿಕೊಂಡರು. ಸದಸ್ಯತ್ವಕ್ಕೆ ಬಾಗಿಲಿದ್ದರೂ ಉಪಕಾರಕ್ಕೆ ಬಾಗಿಲಿರಲಿಲ್ಲ.

ನಮ್ಮ ನಾಡಿನಲ್ಲೇ ಇನ್ನೊಂದು ಮಾದರಿ ಇದೆ. ಪುತ್ತೂರಿನಿಂದ 1988ರಲ್ಲಿ ಆರಂಭವಾದ ‘ಅಡಿಕೆ ಪತ್ರಿಕೆ’ ಕೃಷಿಕರ ಅನುಭವವನ್ನು ಕೃಷಿಕರಿಂದಲೇ ಬರೆಸಿತು. ಶ್ರೀ ಪಡ್ರೆಯವರೂ ಅವರ ಗೆಳೆಯರೂ ನೇಗಿಲು ಹಿಡಿದ ಕೈಗೆ ಲೇಖನಿ ಕೊಡುವ ಶಿಬಿರಗಳನ್ನು ನಡೆಸಿದರು. ಇಂಥ ತೋಟದಲ್ಲಿ ಇಂಥವರು ಮಾಡಿ ನೋಡಿದರೆಂದು ಆಧಾರ ಸಹಿತ ಹೇಳಿದಾಗ, ಸಂದೇಹವಿದ್ದ ಓದುಗನು ಆ ರೈತನನ್ನೇ ವಿಚಾರಿಸಬಹುದು. ಹೊಣೆಯಿಂದ ಬರೆದದ್ದು ಅಚ್ಚಾದ ಮೇಲೆ ಎಲ್ಲರ ಸೊತ್ತಾಗುತ್ತದೆ.

ಆದ್ದರಿಂದ ಕರಡಿಗೆ ಇನ್ನೊಂದು ನಿಯಮ ಸೇರಿತು, ನನ್ನ ದೃಷ್ಟಿಯಲ್ಲಿ ಉಳಿದೆಲ್ಲಕ್ಕೂ ಅದೇ ಬೆನ್ನೆಲುಬು. ಕೇಳಿದವರ ಗುಟ್ಟು ಒಳಗೇ ಉಳಿಯಬೇಕು, ಸಿಕ್ಕಿದ ಉತ್ತರ ಹೊರಗೆ ಹೋಗಬೇಕು. ಪ್ರತಿ ತಿಂಗಳ ಕೊನೆಯಲ್ಲಿ ಇಬ್ಬರು ಕುಳಿತು, ‘ಮಾಡಿದ್ದೇನೆ’ ಎಂಬ ಉತ್ತರಗಳನ್ನಷ್ಟೇ ಆಯ್ದು, ಹೆಸರು, ರೋಗ, ಮನೆಯ ಗುರುತುಗಳನ್ನು ಅಳಿಸಿ, ಒಂದು ಹಾಳೆಯಲ್ಲಿ ಬರೆಯುತ್ತಾರೆ. ಕನ್ನಡ, ಉರ್ದು, ಹಿಂದಿ ಮೂರರಲ್ಲೂ ಅದು ಮಸೀದಿಯ ಫಲಕದ ಮೇಲೆ ಬರುತ್ತದೆ. ಸರಕಾರದ ನಿಯಮಗಳು ಬದಲಾಗುತ್ತಿರುವುದರಿಂದ ಪ್ರತಿ ಉತ್ತರದ ಕೆಳಗೆ ದಿನಾಂಕವಿರಬೇಕು. ಆರು ತಿಂಗಳು ಕಳೆದ ಹಾಳೆಯನ್ನು ತೆಗೆದುಹಾಕಬೇಕು. ಓದಲು ಬಾರದವರಿಗಾಗಿ ಜುಮಾ ನಂತರ ಒಬ್ಬರು ಫಲಕದ ಬಳಿ ಹತ್ತು ನಿಮಿಷ ನಿಲ್ಲುತ್ತಾರೆ. ಮೊದಲ ಹಾಳೆಯಲ್ಲಿ ನಾಲ್ಕೇ ವಿಷಯಗಳಿದ್ದವು: ಜನನ ನೋಂದಣಿ, ಆಸ್ಪತ್ರೆಗೆ ಬೇಕಾದ ಕಾಗದಗಳು, ಬಾಡಿಗೆ ಮನೆಯ ಕರಾರು, ಫೋನಿನಲ್ಲಿ ಹಣ ಕಳೆದುಕೊಂಡವರು ತಡಮಾಡದೆ ಕರೆಯಬೇಕಾದ 1930 ಎಂಬ ಸಂಖ್ಯೆ. ಕಲಬುರಗಿಯ ಆ ತರುಣ ಹಾಳೆಯ ಚಿತ್ರವನ್ನು ತನ್ನ ಫೋನಿನಲ್ಲಿ ತೆಗೆದುಕೊಂಡ. ಚಿತ್ರ ತೆಗೆಯುವುದನ್ನು ನಾವು ತಡೆಯುವುದೂ ಇದೆ, ಬಯಸುವುದೂ ಇದೆ. ಎರಡರ ನಡುವಿನ ವ್ಯತ್ಯಾಸ ತಿಳಿದರೆ ನಿಯಮವೆಲ್ಲ ತಿಳಿದಂತೆ.

ಹೆಂಗಸರಿಗೆ ಪ್ರತ್ಯೇಕ ಬಳಗವಿದೆ, ಅದರ ಹೊಣೆ ಹೆಂಗಸರದೇ. ನಾನು ಮೇಲೆ ಹೇಳಿದ ತಾಯಿಯನ್ನು ಅಲ್ಲಿಗೆ ಕರೆದಿದ್ದಾರೆ. ಅವರು ಇನ್ನೂ ಒಪ್ಪಿಲ್ಲ. ಕರೆದವರು ಒತ್ತಾಯಿಸಿಲ್ಲ, ಅನುಮತಿಯ ಶಿಷ್ಟಾಚಾರ ಎರಡೂ ಕಡೆಗೆ ಸಲ್ಲುತ್ತದೆ. ಆದರೆ ಮೊದಲ ಹಾಳೆಯ ಒಂದು ಪ್ರತಿಯನ್ನು ಅವರ ಮನೆಗೆ ಮುಟ್ಟಿಸಿದ್ದಾರೆ.

ಇನ್ನೊಂದು ಪ್ರಶ್ನೆ ಉಳಿದಿದೆ: ಬಾಗಿಲು ಕಾಯುವವರನ್ನು ಕಾಯುವವರು ಯಾರು? ಒಳಗೆ ಬಿಡುವ, ಹೊರಗೆ ಕಳುಹಿಸುವ ಅಧಿಕಾರ ಬೆರಳ ತುದಿಯಲ್ಲಿದ್ದಾಗ, ಒಳ್ಳೆಯವರೂ ತಮಗಾಗದವರ ತಪ್ಪನ್ನೇ ಹುಡುಕತೊಡಗುತ್ತಾರೆ. ಸದ್ಯಕ್ಕೆ ಹೊಣೆಗಾರರು ಇಬ್ಬರು, ಅವಧಿ ಆರು ತಿಂಗಳು. ಯಾರನ್ನಾದರೂ ತೆಗೆಯುವ ಮುನ್ನ ಅವರೊಡನೆ ಎದುರಾಬದುರು ಕುಳಿತು ಮಾತನಾಡಲೇಬೇಕು. ಇಷ್ಟು ಸಾಕೋ ಇಲ್ಲವೋ ಎಂಬುದು ಮೊದಲ ಜಗಳ ಬಂದಾಗ ತಿಳಿಯುತ್ತದೆ. ನಿಮ್ಮ ಮೊಹಲ್ಲಾದಲ್ಲಿ ಇಂಥ ಬಳಗ ಕಟ್ಟುವುದಿದ್ದರೆ, ಯಾರನ್ನು ಸೇರಿಸಬೇಕೆಂಬ ಪಟ್ಟಿಗಿಂತ ಮೊದಲು, ಸೇರಲಾಗದವರ ಕೈಗೆ ಏನು ತಲುಪುತ್ತದೆಂಬುದನ್ನು ಬರೆದುಕೊಳ್ಳಿ.