ಬಾಸೆಲ್ ಪಟ್ಟಣದ ಮಿಶನ್ ಮನೆ

ಕನ್ನಡ ಶಬ್ದವೊಂದರ ಅರ್ಥಕ್ಕಾಗಿ ಒಮ್ಮೆಯಾದರೂ ತಡಕಾಡಿದವರಿಗೆ ಕಿಟ್ಟೆಲ್ ಸಾಹೇಬರ ಹೆಸರು ಅಪರಿಚಿತವಲ್ಲ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಿದ್ದ ಅವರ ನಿಘಂಟು ಸುಮಾರು 70,000 ಶಬ್ದಗಳ ಭಂಡಾರವಾಗಿದೆ. ಅದಕ್ಕೂ ಐವತ್ತು ವರ್ಷ ಮುಂಚೆ, 1843ರಲ್ಲಿ, ಹರ್ಮನ್ ಮೋಗ್ಲಿಂಗರು ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿ ಕನ್ನಡದಲ್ಲಿ ವೃತ್ತಪತ್ರಿಕೆಗೆ ನಾಂದಿ ಹಾಡಿದರು. ಕರಾವಳಿಯ ಮನೆಗಳ ಮೇಲಿನ ಕೆಂಪು ಹೆಂಚು ಸಹ 1865ರಲ್ಲಿ ಇದೇ ಮಿಶನ್ನಿನ ಪ್ಲೆಬ್ಸ್ಟ್ ಎಂಬುವರು ಸ್ಥಾಪಿಸಿದ ಕಾರ್ಖಾನೆಯಿಂದ ಆರಂಭವಾದುದು. ಇಷ್ಟನ್ನು ನಾವೆಲ್ಲರೂ ಬಲ್ಲೆವು. ಆದರೆ ಈ ಜನರು ಎಲ್ಲಿ ತರಬೇತಾದರು, ಅಲ್ಲಿಯ ದಿನಚರಿ ಎಂತಹದು, ಆ ಶಿಕ್ಷಣಕ್ಕೆ ಯಾರು ಯಾವ ಬೆಲೆಯನ್ನು ತೆತ್ತರು ಎಂಬುದನ್ನು ವಿಚಾರಿಸುವವರು ವಿರಳ. ಮೂವತ್ತೈದು ವರ್ಷ ಮಕ್ಕಳಿಗೆ ಪಾಠ ಹೇಳಿ ನಿವೃತ್ತನಾದ ನನಗೆ, ಮರವನ್ನು ಕಂಡ ಮೇಲೆ ಸಸಿಮಡಿಯನ್ನೂ ನೋಡಬೇಕೆಂಬ ಕುತೂಹಲವು ಬಹುಕಾಲದಿಂದ ಇದ್ದಿತು. ನನ್ನ ಮಗಳೂ ಅಳಿಯಂದಿರೂ ಉದ್ಯೋಗನಿಮಿತ್ತವಾಗಿ ಬಾಸೆಲಿನಲ್ಲಿ ನೆಲಸಿರುವುದರಿಂದ ಕಳೆದ ಬೇಸಗೆಯಲ್ಲಿ ಆ ಇಚ್ಛೆಯು ಕೈಗೂಡಿತು.

ಬಾಸೆಲ್ ಸ್ವಿಟ್ಸರ್ಲೆಂಡಿನ ವಾಯವ್ಯ ಮೂಲೆಯ ಪಟ್ಟಣ. ಸ್ವಿಟ್ಸರ್ಲೆಂಡು, ಫ್ರಾನ್ಸು, ಜರ್ಮನಿ ಈ ಮೂರು ದೇಶಗಳೂ ಇಲ್ಲಿ ಒಂದನ್ನೊಂದು ಮುಟ್ಟುತ್ತವೆ. ರೈನ್ ನದಿಯು ಊರಿನ ನಡುವೆಯೇ ಬಾಗಿ ಉತ್ತರಕ್ಕೆ ತಿರುಗುತ್ತದೆ. ದಡದ ದಿಬ್ಬದ ಮೇಲೆ ಕೆಂಪು ಮರಳುಗಲ್ಲಿನ ಹಳೆಯ ದೇವಾಲಯ. ಅದರ ಕೆಳಗೆ ಹೊಳೆ ದಾಟಿಸುವ ಒಂದು ದೋಣಿ. ಈ ದೋಣಿಗೆ ಯಂತ್ರವಿಲ್ಲ, ಹುಟ್ಟೂ ಇಲ್ಲ. ನದಿಗೆ ಅಡ್ಡಲಾಗಿ ಮೇಲೆ ಕಟ್ಟಿದ ತಂತಿಗೆ ಅದನ್ನು ಹಗ್ಗದಿಂದ ಬಿಗಿದಿರುವರು; ಚುಕ್ಕಾಣಿಯನ್ನು ಓರೆಮಾಡಿದರೆ ಪ್ರವಾಹದ ಬಲವೇ ಅದನ್ನು ಆಚೆಯ ದಡಕ್ಕೆ ಒಯ್ಯುವುದು. ಇನ್ನೊಬ್ಬರ ಇಚ್ಛೆಗೆ ತಮ್ಮನ್ನು ಕಟ್ಟಿಕೊಂಡು ದೂರದ ದಡ ಸೇರಿದ ಯುವಕರ ಕಥೆಯನ್ನು ಅರಸಿ ಬಂದ ನನಗೆ ಆ ದೋಣಿಯು ತಕ್ಕ ಮುನ್ನುಡಿಯಾಗಿ ತೋರಿತು.

ಊರಿನ ಪಶ್ಚಿಮಕ್ಕೆ ಸ್ಪಾಲೆನ್ ದ್ವಾರವೆಂಬ ಹಳೆಯ ಕೋಟೆಬಾಗಿಲೊಂದುಂಟು. ಅದನ್ನು ದಾಟಿದೊಡನೆ ಆರಂಭವಾಗುವ ಬೀದಿಗೆ ಮಿಶನ್ ಬೀದಿಯೆಂದೇ ಹೆಸರು. ಅಲ್ಲಿ ಎಡೆಬಿಡದ ಕಿಟಕಿಸಾಲುಗಳ ಒಂದು ದೊಡ್ಡ ಮನೆಯು, ಹಿಂದೆ ಹಿರಿಯ ಮರಗಳ ತೋಟದೊಡನೆ, ನಿಂತಿದೆ. 1860ರಲ್ಲಿ ಸಿದ್ಧವಾದ ಮಿಶನ್ ಮನೆಯಿದು. ಮೋಗ್ಲಿಂಗರೂ ಕಿಟ್ಟೆಲರೂ ಇದಕ್ಕೆ ಮುಂಚಿನವರು. ಅವರು ಕಲಿತದ್ದು ಊರೊಳಗಿನ ಹಳೆಯ ಮನೆಯಲ್ಲಿ. ಮನೆ ಬದಲಾದರೂ ಅಲ್ಲಿಯ ಕಟ್ಟಳೆ ಬದಲಾಗಲಿಲ್ಲ. ಈಗ ಪಾಠಶಾಲೆ ಇಲ್ಲ. 2001ರಲ್ಲಿ ಬಾಸೆಲ್ ಮಿಶನ್ನು ಇತರ ಸಂಘಗಳೊಡನೆ ಕೂಡಿ ಒಂದು ಹೊಸ ಸಂಸ್ಥೆಯಾಯಿತು. ಕಟ್ಟಡದ ಬಹುಭಾಗವು ಪ್ರವಾಸಿಗರ ವಸತಿಗೃಹವಾಗಿದೆ. ಆದರೆ ಹಳೆಯ ಕಾಗದಪತ್ರಗಳ ಭಂಡಾರವೊಂದು ಇನ್ನೂ ಅಲ್ಲಿರುವುದು. ನಮ್ಮ ಧಾರವಾಡ, ಹುಬ್ಬಳ್ಳಿ, ಮಡಿಕೇರಿ, ಮಂಗಳೂರುಗಳಿಂದ ಬರೆದ ಪತ್ರಗಳೂ ಭಾವಚಿತ್ರಗಳೂ ಅಲ್ಲಿ ಜೋಪಾನವಾಗಿವೆ.

ಈ ಸಂಘವು 1815ರಲ್ಲಿ ಹುಟ್ಟಿತು. ಮರುವರ್ಷವೇ ಬ್ಲೂಮ್‌ಹಾರ್ಟ್ ಎಂಬ ಪಂಡಿತರ ಮೇಲ್ವಿಚಾರಣೆಯಲ್ಲಿ ಏಳು ಮಂದಿ ಯುವಕರೊಡನೆ ಪಾಠಶಾಲೆಯು ತೆರೆಯಿತು. ಪಟ್ಟಣದ ಶ್ರೀಮಂತರು ಆಡಳಿತ ನಡೆಸಿದರು. ಕಲಿಯಲು ಬಂದವರಾದರೋ ಬಹುಮಟ್ಟಿಗೆ ದಕ್ಷಿಣ ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯ ಒಕ್ಕಲು ಮಕ್ಕಳು, ನೇಯ್ಗೆಯವರು, ಬಡಗಿಗಳು, ಚಮ್ಮಾರರು. ವಿಶ್ವವಿದ್ಯಾಲಯದಲ್ಲಿ ಓದಿದ್ದ ಮೋಗ್ಲಿಂಗರಂತಹವರು ಕೆಲವರೇ. ಪ್ರವೇಶವನ್ನು ಬೇಡುವವನು ತನ್ನ ಜೀವನಚರಿತ್ರೆಯನ್ನು ತಾನೇ ಬರೆದು ಕಳುಹಬೇಕಾಗಿದ್ದಿತು. ನೇಗಿಲು ಹಿಡಿದ ಕೈ ಲೇಖನಿ ಹಿಡಿದು ‘ನಾನು ಯಾರು’ ಎಂದು ಬರೆಯುವುದೇ ಮೊದಲನೆಯ ಪರೀಕ್ಷೆ.

ಖರ್ಚನ್ನು ಶ್ರೀಮಂತರ ದಾನವೊಂದೇ ಭರಿಸಲಿಲ್ಲ. 1855ರಲ್ಲಿ ‘ಅರ್ಧ ಬಾಟ್ಸೆನ್’ ಎಂಬ ವಂತಿಗೆ ಆರಂಭವಾಯಿತು. ಬಾಟ್ಸೆನ್ ಎಂಬುದು ಅಲ್ಲಿಯ ಹಳೆಯ ಚಿಲ್ಲರೆ ನಾಣ್ಯ. ವಾರಕ್ಕೆ ಅದರಲ್ಲಿ ಅರ್ಧ, ಎಂದರೆ ಬಡ ಮನೆಯಾಕೆಯೂ ಕೊಡಬಲ್ಲಷ್ಟು ಕಾಸು. ನಮ್ಮಲ್ಲಿ ಅಡಿಗೆಗೆ ತೆಗೆದ ಅಕ್ಕಿಯಿಂದ ಒಂದು ಹಿಡಿಯನ್ನು ಪುಣ್ಯಕಾರ್ಯಕ್ಕೆಂದು ಬೇರೆ ಪಾತ್ರೆಗೆ ಹಾಕುವ ಗೃಹಿಣಿಯರಿಗೆ ಇದರ ಮರ್ಮ ಕೂಡಲೇ ತಿಳಿಯುವುದು. ಮನೆಮನೆಯ ಹಿಡಿಯಕ್ಕಿಯಿಂದಲೇ ದೊಡ್ಡ ಮಠಗಳೂ ನಡೆದಿವೆ.

ಇನ್ನು ದಿನಚರಿ. ಬೆಳಗಿನ ಜಾವದ ಗಂಟೆಯಿಂದ ರಾತ್ರಿಯ ದೀಪ ಆರುವವರೆಗೆ ಪ್ರತಿಯೊಂದು ಗಳಿಗೆಗೂ ನಿಯಮವಿದ್ದಿತು. ಎದ್ದೊಡನೆ ಪ್ರಾರ್ಥನೆ, ಬಳಿಕ ಪಾಠ. ಲ್ಯಾಟಿನ್, ಗ್ರೀಕ್, ಹೀಬ್ರೂ, ಇಂಗ್ಲಿಷ್, ಜೊತೆಗೆ ಅವರ ಧರ್ಮಗ್ರಂಥದ ವ್ಯಾಖ್ಯಾನ. ಸಾಮಾನ್ಯ ವಿದ್ಯಾರ್ಥಿಗೆ ಇದು ಐದಾರು ವರ್ಷಗಳ ಓದು. ಮೊದಲೇ ಚೆನ್ನಾಗಿ ಕಲಿತು ಬಂದವನಿಗೆ ಅದಕ್ಕಿಂತ ಕಡಿಮೆ. ಕಿಟ್ಟೆಲರು 1850ರಲ್ಲಿ ಸೇರಿ 1853ರಲ್ಲಿ ಭಾರತಕ್ಕೆ ಹೊರಟರು. ಪಾಠದೊಡನೆ ಕೈಗೆಲಸವೂ ತಪ್ಪದು: ತೋಟ ಅಗೆಯುವುದು, ಮರಗೆಲಸ, ಪುಸ್ತಕದ ಹೊಲಿಗೆ ಮುಂತಾದುವು. ಓದಿದವನು ಕೈ ಮಣ್ಣುಮಾಡಿಕೊಳ್ಳಬಾರದೆಂಬ ಅಹಂಕಾರಕ್ಕೆ ಅಲ್ಲಿ ಎಡೆಯಿರಲಿಲ್ಲ.

ಸಂಸ್ಕೃತ ಪಾಠಶಾಲೆಯಲ್ಲಿ ಬೆಳೆದ ನನಗೆ ಇದರಲ್ಲಿ ಹಳೆಯ ಗುರುಕುಲದ ನೆರಳು ಕಂಡಿತು. ಸಮಿಧೆ ತರುವುದು, ಹಸು ಕಾಯುವುದು, ನೀರು ಹೊರುವುದು, ಅನಂತರ ವ್ಯಾಕರಣ. ಶುಶ್ರೂಷೆಯೆಂಬ ಶಬ್ದಕ್ಕೆ ಸೇವೆಯೆಂಬ ಅರ್ಥವು ರೂಢಿಯಿಂದ ಬಂದಿದೆ. ಧಾತುವಿನ ಅರ್ಥವು ಕೇಳಬೇಕೆಂಬ ಇಚ್ಛೆ. ಕೇಳುವ ಇಚ್ಛೆಯುಳ್ಳವನೇ ಸೇವಿಸಬಲ್ಲನು, ಸೇವಿಸಿದವನಿಗೇ ಕೇಳಲು ತಾಳ್ಮೆ ಬರುವುದು. ಕನ್ನಡ ಶಬ್ದಗಳನ್ನು ಹಳೆಗನ್ನಡ ಕಾವ್ಯಗಳಿಂದಲೂ ಜನರ ಬಾಯಿಂದಲೂ ಒಂದೊಂದಾಗಿ ಆಯ್ದು ಜೋಡಿಸಿದ ಆ ತಾಳ್ಮೆಗೆ ಬುದ್ಧಿಯೊಂದೇ ಸಾಲದು. ದಿನವೂ ಗಂಟೆಗೆ ಏಳುವ, ಹಿಡಿದ ಕೆಲಸವನ್ನು ಮುಗಿಸಿ ಏಳುವ ಅಭ್ಯಾಸವೂ ಬೇಕು.

ಆದರೆ ಆ ಮನೆಯ ಎಲ್ಲ ನಿಯಮಗಳನ್ನೂ ಹೊಗಳಲಾರೆನು. ಸಹಪಾಠಿಯ ದೋಷವನ್ನು ಕಂಡವನು ಅದನ್ನು ಮುಚ್ಚಿಡದೆ ಹಿರಿಯರಿಗೆ ತಿಳಿಸಬೇಕೆಂಬ ಪದ್ಧತಿಯೂ ಅಲ್ಲಿದ್ದಿತು. ಪರಸ್ಪರ ಎಚ್ಚರಿಕೆಯು ಆತ್ಮದ ಹಿತಕ್ಕಾಗಿ ಎಂದು ಅವರ ನಂಬಿಕೆ. ಶಾಲೆಯಲ್ಲಿ ಚಾಡಿಯನ್ನು ಪ್ರೋತ್ಸಾಹಿಸಿದರೆ ಏನಾಗುವುದೆಂಬುದು ಉಪಾಧ್ಯಾಯರೆಲ್ಲರಿಗೂ ಗೊತ್ತು: ನಡತೆ ನೆಟ್ಟಗಾಗುವುದು, ಸ್ನೇಹ ಒಣಗುವುದು.

ಈ ಮನೆಯಲ್ಲಿ ನಮ್ಮವನೊಬ್ಬನೂ ಐದು ವರ್ಷ ಬಾಳಿದನೆಂಬುದು ವಾಚಕರಿಗೆ ಸೋಜಿಗವಾದೀತು. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಕುಲದ ಆನಂದರಾವ್ ಕೌಂಡಿನ್ಯರು 1844ರಲ್ಲಿ ಮತಾಂತರ ಹೊಂದಿದಾಗ ಊರಿನಲ್ಲಿ ದೊಡ್ಡ ಕಳವಳವೆದ್ದಿತು. 1846ರಲ್ಲಿ ಮೋಗ್ಲಿಂಗರೊಡನೆ ಬಾಸೆಲಿಗೆ ಹೋಗಿ, ಅಲ್ಲಿಯ ಪಾಠಶಾಲೆಯಲ್ಲಿ ಓದಿ, 1851ರಲ್ಲಿ ದೀಕ್ಷೆ ಪಡೆದು ಹಿಂದಿರುಗಿದರು. ಅವರ ಮತದ ವಿಚಾರದಲ್ಲಿ ನಾನು ಅವರ ಪಕ್ಷದವನಲ್ಲ. ಆದರೂ ಇಪ್ಪತ್ತೊಂದರ ಹರೆಯದಲ್ಲಿ ಕುಲವನ್ನು ಕಳೆದುಕೊಂಡು, ಹಿಮ ಬೀಳುವ ಊರಿನಲ್ಲಿ ಜರ್ಮನ್ ರೈತರ ಮಕ್ಕಳ ನಡುವೆ ಕುಳಿತು, ಪರಭಾಷೆಯಲ್ಲಿ ಇನ್ನೊಂದು ಪರಭಾಷೆಯ ವ್ಯಾಕರಣವನ್ನು ಕಲಿತ ಆ ಯುವಕನನ್ನು ನೆನೆದಾಗ ಮನಸ್ಸು ಕರಗುವುದು. ಅವನ ಹಿಂದೆ ಮಂಗಳೂರಿನಲ್ಲಿ ಉಳಿದ ಬಂಧುಗಳ ದುಃಖವನ್ನೂ ಜೊತೆಯಲ್ಲಿಯೇ ನೆನೆಯಬೇಕು. ತ್ಯಾಗವೆಂಬುದು ತ್ಯಜಿಸಿದವನ ಪಾಲಿಗೆ ಮಾತ್ರ ಬರುವ ವಸ್ತುವಲ್ಲ.

ಈ ಮಾತು ಅವರ ಸಂಸಾರಗಳಿಗೂ ಸಲ್ಲುವುದು. ಹೊಸದಾಗಿ ಹೊರಡುವವನು ಅವಿವಾಹಿತನಾಗಿಯೇ ಹೋಗಬೇಕು. ಸಾಮಾನ್ಯವಾಗಿ ಎರಡು ವರ್ಷಗಳ ಸೇವೆಯಾದ ಮೇಲೆ ವಿವಾಹಕ್ಕೆ ಅಪ್ಪಣೆ ಬೇಡಬಹುದು. ಕನ್ಯೆಯನ್ನು ಒಪ್ಪುವ ಅಧಿಕಾರ ಬಾಸೆಲಿನ ಸಮಿತಿಯದು. ಎಷ್ಟೋ ಕನ್ಯೆಯರು ವರನನ್ನು ಒಮ್ಮೆಯೂ ಕಾಣದೆ ಹಡಗು ಹತ್ತಿ, ನಮ್ಮ ಕರಾವಳಿಗೆ ಬಂದಿಳಿದು, ಕೆಲವೇ ದಿನಗಳಲ್ಲಿ ಮದುವೆಯಾದರು. ಐರೋಪ್ಯರ ವಿವಾಹವೆಲ್ಲ ಸ್ವಯಂವರವೆಂದು ಭಾವಿಸಿರುವ ನಮ್ಮ ತರುಣರು ಇದನ್ನು ಗಮನಿಸತಕ್ಕದ್ದು. ಬಂದವರಲ್ಲಿ ಹಲವರು ಬೇಗನೆ ತೀರಿಹೋದರು. ಕಿಟ್ಟೆಲರ ಮೊದಲ ಪತ್ನಿಯೂ ಹಾಗೆಯೇ ಅಗಲಿದರು. ಆಮೇಲೆ ಅವರ ಸೋದರಿಯೇ ಕಿಟ್ಟೆಲರ ಕೈಹಿಡಿದರು.

ಆದರೆ ಎಲ್ಲಕ್ಕಿಂತಲೂ ಕಠಿನವಾದ ನಿಯಮವು ಮಕ್ಕಳದು. ಮಕ್ಕಳು ಶಾಲೆಗೆ ಹೋಗುವ ವಯಸ್ಸಿಗೆ ಬಂದೊಡನೆ ಅವರನ್ನು ಯೂರೋಪಿಗೆ ಕಳುಹಬೇಕು. ಅವರಿಗಾಗಿ 1853ರಿಂದ ಬಾಸೆಲಿನಲ್ಲಿ ಹುಡುಗರಿಗೂ ಹುಡುಗಿಯರಿಗೂ ಬೇರೆ ಬೇರೆ ಮಕ್ಕಳ ಮನೆಗಳ ಏರ್ಪಾಡಾಯಿತು. ಉಷ್ಣದೇಶದ ರೋಗಗಳ ಭಯ ಒಂದು ಕಾರಣ, ಒಳ್ಳೆಯ ಶಾಲೆಯ ಅಭಾವ ಇನ್ನೊಂದು. ಆಯಾಗಳ ಮಡಿಲಲ್ಲಿ ಬೆಳೆದ ಮಗು ಈ ದೇಶದ ನಡೆನುಡಿಗೇ ಒಗ್ಗಿಹೋದೀತೆಂಬ ಆತಂಕ ಮೂರನೆಯದು. ಆರು ಏಳು ವರ್ಷದ ಮಗುವನ್ನು ಹಡಗಿಗೆ ಹತ್ತಿಸಿದ ತಾಯಿ ಅದನ್ನು ಮತ್ತೆ ಕಾಣುವಾಗ ಅದು ಬೆಳೆದ ಹುಡುಗನೋ ಹುಡುಗಿಯೋ ಆಗಿರುತ್ತಿದ್ದಿತು. ಕಾಗದ ಬರೆದು ಮರುಕಾಗದ ಪಡೆಯಲು ತಿಂಗಳುಗಳೇ ಹಿಡಿಯುತ್ತಿದ್ದ ಕಾಲವದು.

ನಾನು ಅಲ್ಲಿಗೆ ಹೋದ ದಿನ ಆರು ವರ್ಷದ ಮೊಮ್ಮಗನೂ ಜೊತೆಯಲ್ಲಿದ್ದನು. ಪತ್ರಭಂಡಾರದ ಮಹಿಳೆಯೊಬ್ಬರು ತೋರಿಸಿದ ಹಳೆಯ ಚಿತ್ರದಲ್ಲಿ ಒಂದೇ ತರದ ಉಡುಪು ತೊಟ್ಟ ಮಕ್ಕಳು ಸಾಲಾಗಿ ನಿಂತಿದ್ದರು. “ಅಜ್ಜಾ, ಇವರ ಅಮ್ಮಂದಿರು ಎಲ್ಲಿ?” ಎಂದು ಹುಡುಗನು ಕೇಳಿದನು. “ನಮ್ಮ ದೇಶದಲ್ಲಿ ಕೆಲಸಕ್ಕೆ ಹೋಗಿದ್ದರಪ್ಪ” ಎಂದೆನು. “ಸಂಜೆಗೆ ಬರುತ್ತಿದ್ದರೋ?” ಎಂದು ಅವನ ಮರುಪ್ರಶ್ನೆ. ನನ್ನ ಮಗಳು ಅವನನ್ನು ಹತ್ತಿರಕ್ಕೆ ಎಳೆದುಕೊಂಡಳು. ಉತ್ತರವನ್ನು ಯಾರೂ ಹೇಳಲಿಲ್ಲ.

ಈ ನೋವಿಗೆ ಸಾಕ್ಷಿಯಾಗಿ ಒಂದು ಕುಟುಂಬವನ್ನು ಹೆಸರಿಸುವೆನು. ಮಲಯಾಳ ಭಾಷೆಗೆ ನಿಘಂಟು ರಚಿಸಿದ ಹರ್ಮನ್ ಗುಂಡರ್ಟರ ಮಗಳು ಮರೀ 1842ರಲ್ಲಿ ತಲಚೇರಿಯಲ್ಲಿ ಹುಟ್ಟಿದಳು. ಮೂರು ನಾಲ್ಕು ವರ್ಷದ ಕೂಸಾಗಿ ಯೂರೋಪಿಗೆ ಹೋಗಿ, ತಂದೆತಾಯಿಗಳು ಭಾರತಕ್ಕೆ ಮರಳಿದಾಗ ಅಲ್ಲಿಯೇ ಉಳಿದಳು. 1857ರಲ್ಲಿ, ಹದಿನೈದರ ಪ್ರಾಯದಲ್ಲಿ, ಮತ್ತೆ ಅವರ ಬಳಿಗೆ ಬಂದಳು. ಮುಂದೆ ಆಕೆ ನಮ್ಮ ಪಶ್ಚಿಮ ಕರಾವಳಿಯಲ್ಲಿ ಕೆಲಕಾಲ ಸೇವೆ ಮಾಡಿದ್ದ ಯೋಹಾನೆಸ್ ಹೆಸ್ಸೆಯವರನ್ನು ವರಿಸಿದಳು. ಆ ದಂಪತಿಗಳು 1881ರಿಂದ 1886ರವರೆಗೆ ಬಾಸೆಲಿನಲ್ಲಿಯೇ ಇದ್ದು ಮಿಶನ್ನಿನ ಕೆಲಸ ಮಾಡಿದರು. ಅವರ ಮಗನು ತುಂಬ ಹಟಮಾರಿ. 1884ರಲ್ಲಿ, ಏಳೂ ತುಂಬದ ಅವನನ್ನು, ತಾವು ಅದೇ ಊರಿನಲ್ಲಿದ್ದರೂ, ಹುಡುಗರ ಮನೆಯಲ್ಲಿ ಬಿಟ್ಟರು. ಆ ಮಗನೇ ‘ಸಿದ್ಧಾರ್ಥ’ವನ್ನು ಬರೆದು 1946ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಹರ್ಮನ್ ಹೆಸ್ಸೆ. ಮನೆಯನ್ನು ಬಿಟ್ಟು ತನ್ನ ದಾರಿಯನ್ನು ತಾನೇ ಹುಡುಕುವ ಮಗನ ಕಥೆಯನ್ನು ಅವನು ಬರೆದುದು ಆಕಸ್ಮಿಕವಲ್ಲವೆಂದು ನನಗೆ ತೋರುವುದು.

ಹಾಗಾದರೆ ಆ ಮನೆಯನ್ನು ನಿಂದಿಸಬೇಕೇ? ಖಂಡಿತ ಬೇಡ. ಪರದೇಶದ ಭಾಷೆಯೊಂದಕ್ಕಾಗಿ ಜೀವ ತೇದವರನ್ನು ಅದು ನಮಗೆ ಕೊಟ್ಟಿತು. ಕಿಟ್ಟೆಲರ ಋಣವು ಕನ್ನಡಿಗರ ಮೇಲಿದೆ. ಆದರೆ ಋಣವನ್ನು ಲೆಕ್ಕ ಹಾಕುವಾಗ ಪೂರ್ಣವಾಗಿ ಹಾಕಬೇಕು. ತನ್ನ ದೇಹವನ್ನೂ ನಿದ್ರೆಯನ್ನೂ ಸುಖವನ್ನೂ ಮಹತ್ಕಾರ್ಯಕ್ಕೆ ಒಪ್ಪಿಸುವ ಹಕ್ಕು ಪ್ರತಿಯೊಬ್ಬ ಪ್ರೌಢನಿಗೂ ಉಂಟು. ಅದು ಅವನ ತಪಸ್ಸು. ಮಗುವಿನ ಬಾಲ್ಯವನ್ನು ಒಪ್ಪಿಸುವಾಗ ಅದು ಯಾರ ತಪಸ್ಸು? ನಮ್ಮ ಗುರುಕುಲದಲ್ಲಿಯೂ ಎಳೆಯ ವಟುವು ಮನೆ ಬಿಟ್ಟು ಹೋಗುತ್ತಿದ್ದನು. ಆದರೆ ಅಲ್ಲಿ ಗುರುಪತ್ನಿಯೆಂಬ ಇನ್ನೊಬ್ಬ ತಾಯಿ ಇರುತ್ತಿದ್ದಳು. ಗಂಟೆ ಎಷ್ಟು ಇಂಪಾಗಿ ಬಾರಿಸಿದರೂ ತಾಯಿಯಾಗಲಾರದು.

ಇದು ಹಳೆಯ ಕಾಲದ, ಪರದೇಶದ ಮಾತೆಂದು ಪುಟ ಮಗುಚುವಂತಿಲ್ಲ. ಇಂದು ನಮ್ಮಲ್ಲಿಯೇ ಆರು ವರ್ಷದ ಮಕ್ಕಳನ್ನು ದೂರದ ವಸತಿಶಾಲೆಗೆ ಸೇರಿಸಲು ಮನೆಮನೆಯಲ್ಲಿ ಆಲೋಚನೆ ನಡೆಯುತ್ತಿದೆ. ಶಿಸ್ತು, ವಿದ್ಯೆ, ಭವಿಷ್ಯ ಎಂಬ ಕಾರಣಗಳು ಬಾಸೆಲಿನ ಹಿರಿಯರ ಕಾರಣಗಳಷ್ಟೇ ಸದುದ್ದೇಶದವು. ಅನಿವಾರ್ಯವಿರುವ ಕಡೆ ಕಳುಹಲಿ. ಕಳುಹಿದವರನ್ನು ನಾನು ದೂರುವುದಿಲ್ಲ. ಆದರೆ ಫಾರಂಗೆ ಸಹಿ ಹಾಕುವ ಹಿಂದಿನ ರಾತ್ರಿ ತಂದೆತಾಯಿಗಳಿಬ್ಬರೂ, ನಿದ್ರಿಸುತ್ತಿರುವ ಮಗುವಿನ ಹತ್ತಿರ ಕೊಂಚ ಹೊತ್ತು ಕುಳಿತು, ಈ ಲೆಕ್ಕವನ್ನು ಇನ್ನೊಮ್ಮೆ ಹಾಕಿ ನೋಡಲಿ.