ಗೂಡಿನ ಹೊಗೆ, ಹೊಂಗೆಯ ಎಲೆ

ಕಲಾ ವಿಭಾಗದವನಿಗೆ ರಸಾಯನಶಾಸ್ತ್ರದ ಗೊಡವೆ ಏಕೆಂದು ವಾಚಕ ಮಹಾಶಯರು ಕೇಳಬಹುದು. ಕಾರಣವಿದೆ. ನಮ್ಮದು ಮಾಗಡಿಯ ಬಳಿಯ ಹಳ್ಳಿ. ಮನೆಯ ಮುಂದೆ ನಿಂತರೆ ಸಾವನದುರ್ಗ ಕಾಣುತ್ತದೆ. ಹಿಂದಕ್ಕೆ ತಿರುಗಿದರೆ ತಂದೆಯವರ ಇಟ್ಟಿಗೆ ಗೂಡು. ನನ್ನ ಕಾಲೇಜಿನ ಫೀಜು ಬರುವುದು ಆ ಗೂಡಿನಿಂದ. ತಾಯಿಯವರ ಕೆಮ್ಮು ಬಂದದ್ದೂ ಅಲ್ಲಿಂದಲೇ.

ಬಿಸಿಲಿನ ಬಲದಿಂದ ಇಂಗಾಲದ ಡೈಆಕ್ಸೈಡನ್ನು ಇಂಧನವಾಗಿಸುವ ಪುಡಿಗಳಿವೆಯೆಂದು ಎಲ್ಲಿಯೋ ಓದಿದೆನು. ಹಿಗ್ಗಿ, ಪರಿಚಯದ ರಸಾಯನಶಾಸ್ತ್ರದ ಅಧ್ಯಾಪಕರ ಬಳಿಗೆ ಓಡಿದೆನು. ಅವರು ನಕ್ಕು, “ಮೊದಲು ಎರಡನ್ನೂ ಬೇರೆ ಮಾಡಿಕೊ. ಕೆಮ್ಮು ತರುವುದು ಹೊಗೆ, ಮಸಿ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಕಾಯಿಸುವುದು ಭೂಮಿಯನ್ನು. ಅದನ್ನು ಬಿಸಿಲಿನಲ್ಲಿ ಆಹಾರವಾಗಿಸುವ ವಿದ್ಯೆ ಎಲೆಗೆ ಎಂದಿನಿಂದಲೋ ಗೊತ್ತು, ನಾವು ಈಗ ಕಲಿಯುತ್ತಿದ್ದೇವೆ” ಎಂದರು.

ಆ ಪುಡಿಗೆ ದ್ಯುತಿವೇಗವರ್ಧಕವೆಂದು ಹೆಸರು. ಬೆಳಕು ತಾಗಿದೊಡನೆ ಅದರೊಳಗಿನ ಎಲೆಕ್ಟ್ರಾನು ಮೇಲಕ್ಕೆ ನೆಗೆಯುತ್ತದೆ. ಅದು ಅನಿಲವನ್ನು ಮುಟ್ಟಿದರೆ ಕೆಲಸವಾಯಿತು. ಆದರೆ ಬಹುಪಾಲು ಎಲೆಕ್ಟ್ರಾನುಗಳು ಮೊದಲೇ ಸ್ವಸ್ಥಾನಕ್ಕೆ ಮರಳುತ್ತವೆ, ಕಾಲೇಜಿಗೆಂದು ಹೊರಟು ಬಸ್ ನಿಲ್ದಾಣದಿಂದಲೇ ಹಿಂದಿರುಗುವ ನಮ್ಮಂತೆ! 1979ರಲ್ಲಿ ಜಪಾನಿನ ಇನೊವೆ, ಫುಜಿಶಿಮಾ ಮೊದಲಾದವರು ಇಂಥ ಪುಡಿಗಳನ್ನು ನೀರಿನಲ್ಲಿ ಕಲಸಿ, ಬೆಳಕು ಹಾಯಿಸಿ, ಈ ಅನಿಲದಿಂದ ಮೆಥನಾಲ್ ಮುಂತಾದವನ್ನು ಪಡೆದರು. ಅವುಗಳಲ್ಲೊಂದಾದ ಟೈಟೇನಿಯಂ ಡೈಆಕ್ಸೈಡಿಗೆ ನೇರಳಾತೀತ ಕಿರಣವೇ ಬೇಕು. ಬಿಸಿಲಿನಲ್ಲಿ ಅದಿರುವುದು ಶೇಕಡ 5ರ ಆಸುಪಾಸು. ಹೆಚ್ಚು ಬೆಳಕನ್ನು ಹೀರಬೇಕು, ಎಲೆಕ್ಟ್ರಾನನ್ನು ಗುರಿ ಮುಟ್ಟಿಸಬೇಕು: ಸುಧಾರಣೆಯ ತಿರುಳು ಇಷ್ಟೇ.

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ತಪಸ್ ಕುಮಾರ್ ಮಾಜಿಯವರ ತಂಡ 2021ರಲ್ಲಿ ಒಂದು ಉಪಾಯ ತೋರಿಸಿತು. ಸೂಕ್ಷ್ಮ ರಂಧ್ರಗಳ ಜಿರ್ಕೋನಿಯಂ ಚೌಕಟ್ಟಿನಲ್ಲಿ, ಬೆಳಕು ಹೀರುವ ರುಥೇನಿಯಂ ಸಂಯುಕ್ತವನ್ನೂ ಅನಿಲವನ್ನು ಮಾರ್ಪಡಿಸುವ ರೇನಿಯಂ ಸಂಯುಕ್ತವನ್ನೂ ಅಕ್ಕಪಕ್ಕ ಕೂರಿಸಿದರು. ಕಣ್ಣಿಗೆ ಕಾಣುವ ಬೆಳಕಿನಲ್ಲೇ ಕಾರ್ಬನ್ ಮಾನಾಕ್ಸೈಡ್ ದೊರೆಯಿತು. ಉಸಿರಾಡಿದರೆ ಅದು ವಿಷ. ಕಾರ್ಖಾನೆಗೆ ಇಂಧನದ ಕಚ್ಚಾ ಸಾಮಗ್ರಿ.

ರಾತ್ರಿ ಇದನ್ನೆಲ್ಲ ತಂದೆಯವರಿಗೆ ವಿವರಿಸಿದೆನು. “ಆ ಪುಡಿ ನಮ್ಮ ಸಂತೆಗೆ ಯಾವಾಗ ಬತ್ತದಪ್ಪಾ?” ಎಂದರು. ಅವು ದುಬಾರಿ ಲೋಹಗಳೆಂದು ಹೇಳಲು ನಾಲಗೆ ಏಳಲಿಲ್ಲ. “ಸದ್ಯಕ್ಕಿಲ್ಲ” ಎಂದೆನು.

“ಹಂಗಾದ್ರೆ ಸದ್ಯಕ್ಕೇನು ಮಾಡಾನ?”

ನಾನು ಸುಮ್ಮನಾದೆನು. ಒಳಗೆ ತಾಯಿ ಕೆಮ್ಮಿದರು.

ಆ ಸಲ ಹಸಿ ಸೌದೆ ಗೂಡಿಗೆ ಹೋಗಲಿಲ್ಲ. ಚೆನ್ನಾಗಿ ಒಣಗಿದ ಮೇಲೆಯೇ ಬೆಂಕಿಯಿಟ್ಟರು. ಹೊಗೆ ತುಸು ತಗ್ಗಿತು. ಸೌದೆಗೆಂದು ಗುರುತು ಹಾಕಿದ್ದ ಹೊಂಗೆಯ ಮರದ ಮುಂದೆ ತಂದೆಯವರು ಸ್ವಲ್ಪ ಹೊತ್ತು ನಿಂತು, ಕೊಡಲಿಯನ್ನು ಹೆಗಲಿಗೇರಿಸಿ ಹಿಂದಿರುಗಿದರು.

ಗೂಡು ಈಗಲೂ ಉರಿಯುತ್ತಿದೆ. ನನ್ನ ಫೀಜೂ ಸಂದಾಯವಾಗಿದೆ.